ಘಟ್ಟ ಇಳಿಯುವ ಗೆರೆ

ಘಟ್ಟದ ಮೇಲಿನ ಒಂದು ಪುಟ್ಟ ಆರೋಗ್ಯ ಕೇಂದ್ರ. ಎದೆ ಹಿಡಿದುಕೊಂಡು ಬಂದವರ ಮೈಗೆ ಹತ್ತು ತಂತಿ ಅಂಟಿಸುತ್ತಾರೆ. ಚೌಕಳಿ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಸರಸರ ಹೊರಬರುತ್ತದೆ. ವೈದ್ಯರು ಮೊಬೈಲಲ್ಲಿ ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಅಷ್ಟೇ! ರೋಗಿ ಇನ್ನೂ ಬೆಂಚಿನ ಮೇಲೇ ಇದ್ದಾರೆ, ಅವರ ಹೃದಯದ ಗೆರೆ ಆಗಲೇ ಮಂಗಳೂರು ಮುಟ್ಟಿದೆ!

ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಈ ಸಾಹಸದ ಬೆನ್ನೆಲುಬು ಯಾವುದು ಗೊತ್ತೇ? ವಾಟ್ಸಾಪ್! ಬೆಳಗಾದರೆ ಗುಲಾಬಿ ಹೂವಿನ ಶುಭೋದಯಗಳನ್ನು ಹೊತ್ತು ತರುವ ಅದೇ ವಾಟ್ಸಾಪ್. ಜೊತೆಗೆ ಕರಾವಳಿ, ಮಲೆನಾಡಿನ ಹಳ್ಳಿಗಳಿಗೆ ಇಸಿಜಿ ಯಂತ್ರಗಳನ್ನೂ ಮುಟ್ಟಿಸಿದರು. ಯಂತ್ರವಿಲ್ಲದೆ ಗ್ರೂಪು ಕಟ್ಟಿ ಏನು ಮಾಡುವುದು!

ತಜ್ಞರ ಕಣ್ಣು ಹುಡುಕುವುದು ಒಂದು ಸಣ್ಣ ಜಾಗವನ್ನು. ಚೂಪಾದ ಶಿಖರ ಇಳಿದ ಮೇಲೆ, ಮುಂದಿನ ದಿಬ್ಬ ಏಳುವ ಮುನ್ನ, ಗೆರೆ ಸಪಾಟಾಗಿ ಮಲಗಿರಬೇಕು. ಅಲ್ಲಿ ಅದು ಒಂದೆರಡು ಮಿಲಿಮೀಟರ್ ಮೇಲೆದ್ದಿದೆಯೇ? ರಕ್ತನಾಳ ಕಟ್ಟಿಕೊಂಡಿರಬಹುದು, ಸ್ನಾಯು ಸಾಯತೊಡಗಿರಬಹುದು! 'ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ' ಎನ್ನುವ ಮನೆಮಂದಿಯ ಸಲಹೆಗೆ ಆಗ ಜಾಗವಿಲ್ಲ. ಗ್ರೂಪಿನಲ್ಲಿ ಉತ್ತರ ಬರುತ್ತದೆ: ಆಸ್ಪಿರಿನ್ ಅಗಿಯಲು ಕೊಡಿ, ಆಂಬುಲೆನ್ಸ್ ಕರೆಸಿ, ದೂರ ಜಾಸ್ತಿಯಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಬಗ್ಗೆ ಈಗಲೇ ತೀರ್ಮಾನಿಸಿ.

ಇನ್ನೂ ಬೆರಗಿನ ಸಂಗತಿಯೆಂದರೆ, ಇಸಿಜಿ ಹುಟ್ಟುತ್ತಲೇ ದೂರ ಪ್ರಯಾಣ ಮಾಡಿತ್ತು! ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಇಸಿಜಿಯನ್ನು ರೂಪಿಸಿದ ವಿಲೆಮ್ ಐಂಥೋವನ್‌ರ ಯಂತ್ರ ಸುಮಾರು 270 ಕಿಲೊ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ಅದನ್ನು ಆಸ್ಪತ್ರೆಗೆ ಹೊರುವವರು ಯಾರು? 1905ರಲ್ಲಿ ಅವರು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೊಮೀಟರ್ ದೂರದ ಆಸ್ಪತ್ರೆಯಿಂದ ರೋಗಿಯ ಹೃದಯದ ಮಿಡಿತವನ್ನೇ ಪ್ರಯೋಗಾಲಯಕ್ಕೆ ತರಿಸಿಕೊಂಡರು! 1924ರಲ್ಲಿ ನೊಬೆಲ್ ಬಂತು.

ನನಗೆ ಮಾತ್ರ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಗ್ರೂಪಿನಲ್ಲಿ ಸುಮ್ಮನೆ ಓದುವವರು. ಒಬ್ಬರ ಪ್ರಶ್ನೆಗೆ ಬಂದ ಉತ್ತರ ಎಲ್ಲ ಹಳ್ಳಿ ವೈದ್ಯರಿಗೂ ಪಾಠ, ಅದೂ ಪುಕ್ಕಟೆ! ವೈದ್ಯರು ವಾಟ್ಸಾಪ್ ಬಳಸಬಹುದೆಂದು 2020ರ ಮಾರ್ಚ್‌ನಲ್ಲಿ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಒಪ್ಪಿತು. ರೋಗಿಯ ಗುಟ್ಟು ಕಾಯುವ ಹೊಣೆಯನ್ನೂ ಹೊರಿಸಿತು. ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ: ಫೋಟೊ ಹೊಡೆಯುವ ಮೊದಲು ಕಾಗದದ ಮೇಲೆ ಹೆಸರಿರುವ ತುದಿಯನ್ನು ಹಿಂದಕ್ಕೆ ಮಡಚಿದರಾಯಿತು.