ಎಲೆಕ್ಟ್ರಿಕ್ ಗಿಟಾರಿಗೆ ಲಾಕಿಂಗ್ ಟ್ರೆಮೊಲೊ: ಮರ ಕೊರೆಯುವ ಮುನ್ನ ತಿಳಿದಿರಬೇಕಾದುದು

ಕೇರಳ ಶಾಲಾ ಕಲೋತ್ಸವದ ಸ್ಪರ್ಧಾ ಪಟ್ಟಿಯಲ್ಲಿ ಕನ್ನಡ ಕಂಠಪಾಠ, ಕನ್ನಡ ಭಾಷಣಗಳಿರುವಂತೆ ಪಾಶ್ಚಾತ್ಯ ಗಿಟಾರ್ ವಾದನವೂ ಇದೆ. ನಮ್ಮ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಲ್ಲಿ ಗಿಟಾರ್ ಹಿಡಿದವರು ಈಗ ಅಪರೂಪವಲ್ಲ. ಒಂದೆರಡು ವರ್ಷ ಅಭ್ಯಾಸ ಮಾಡಿದ ಮಗುವಿನಿಂದ ಹೆತ್ತವರು ಕೇಳುವ ಬೇಡಿಕೆಯೊಂದಿದೆ: ‘ನನ್ನ ಗಿಟಾರಿಗೆ ಲಾಕಿಂಗ್ ಟ್ರೆಮೊಲೊ ಹಾಕಿಸಿಕೊಡಿ.’ ಇದು ತಂತಿ ಬದಲಿಸಿದಷ್ಟು ಸುಲಭದ ಕೆಲಸವಲ್ಲ. ಬಹುತೇಕ ಗಿಟಾರುಗಳಲ್ಲಿ ಇದಕ್ಕಾಗಿ ಮರವನ್ನು ಕೊರೆಯಬೇಕಾಗುತ್ತದೆ. ಕೊರೆದ ಮರವನ್ನು ಮೊದಲಿನಂತೆ ಮಾಡಲಾಗದು. ಮನೆಯಲ್ಲಿ ಇರುವುದು ಒಂದೇ ಗಿಟಾರ್ ಆಗಿದ್ದರೆ ನಿರ್ಧಾರಕ್ಕೆ ಮೊದಲು ಇದರ ಒಳಮರ್ಮವನ್ನು ತಿಳಿದಿರುವುದು ಒಳ್ಳೆಯದು.

ಈ ಸಾಧನ ಮಾಡುವುದೇನು?

ವೀಣೆಯಲ್ಲಿ ತಂತಿಗಳು ಕುದುರೆಯ ಮೇಲೆ ಹಾದುಹೋಗುತ್ತವೆ. ಗಿಟಾರಿನಲ್ಲಿ ಅದೇ ಸ್ಥಾನದಲ್ಲಿರುವುದು ಬ್ರಿಡ್ಜ್. ವೀಣೆಯ ವಾದಕರು ಬೆರಳಿನಿಂದ ತಂತಿಯನ್ನು ಅಡ್ಡಕ್ಕೆ ಎಳೆದು ಗಮಕವನ್ನು ತರುತ್ತಾರೆ. ಟ್ರೆಮೊಲೊ ಇರುವ ಗಿಟಾರಿನಲ್ಲಿ ಬ್ರಿಡ್ಜೇ ಅಲುಗುತ್ತದೆ. ಅದಕ್ಕೆ ಜೋಡಿಸಿದ ಲೋಹದ ಹಿಡಿಕೆಯನ್ನು ಒತ್ತಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲಗೊಂಡು ಸ್ವರಗಳು ಇಳಿಯುತ್ತವೆ. ಬಿಟ್ಟರೆ ಮೇಲೇರಿ ಸ್ವಸ್ಥಾನಕ್ಕೆ ಬರುತ್ತವೆ. ಅಮೆರಿಕದ ಲಿಯೋ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಿಂದ ಈ ವ್ಯವಸ್ಥೆ ಪ್ರಸಿದ್ಧವಾಯಿತು. ಟ್ರೆಮೊಲೊ ಎಂಬ ಹೆಸರು ಮಾತ್ರ ತಪ್ಪು. ಸಂಗೀತಶಾಸ್ತ್ರದಲ್ಲಿ ಆ ಪದ ನಾದದ ಪ್ರಮಾಣದ ಏರಿಳಿತವನ್ನು ಸೂಚಿಸುತ್ತದೆ. ಸ್ವರದ ಏರಿಳಿತಕ್ಕೆ ವೈಬ್ರೇಟೊ ಎನ್ನಬೇಕು. ಆದರೂ ಬಳಕೆಯಲ್ಲಿ ತಪ್ಪು ಹೆಸರೇ ಉಳಿದುಕೊಂಡಿದೆ.

ಹಳೆಯ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ತಂತಿ ಬ್ರಿಡ್ಜಿನಿಂದ ಹೊರಟು, ವೀಣೆಯ ಮೇರುವಿಗೆ ಸಮನಾದ ‘ನಟ್’ ಎಂಬ ಪಟ್ಟಿಯ ಗೀರಿನೊಳಗೆ ಹಾದು, ಬಿರಡೆಗೆ ಸುತ್ತಿಕೊಂಡಿರುತ್ತದೆ. ಹಿಡಿಕೆಯನ್ನು ಒತ್ತಿದಾಗ ಸಡಿಲವಾದ ತಂತಿ ಗೀರಿನಲ್ಲಿ ಸ್ವಲ್ಪ ಜಾರುತ್ತದೆ. ಬಿಟ್ಟಾಗ ಘರ್ಷಣೆಯ ಕಾರಣದಿಂದ ಪೂರ್ತಿಯಾಗಿ ಮರಳುವುದಿಲ್ಲ. ಬಿರಡೆಯ ಸುತ್ತುಗಳೂ ಹೀಗೆಯೇ ಬಿಗಿಯುತ್ತ ಸಡಿಲುತ್ತ ಇರುತ್ತವೆ. ಹೀಗೆ ಶ್ರುತಿ ಕೆಡುತ್ತದೆ.

ಅಮೆರಿಕದ ಗಿಟಾರ್ ವಾದಕ ಫ್ಲಾಯ್ಡ್ ರೋಸ್ 1970ರ ದಶಕದಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು; 1979ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ತಂತಿ ಜಾರುವ ಜಾಗವೇ ಇಲ್ಲದಂತೆ ಎರಡೂ ತುದಿಗಳಲ್ಲಿ ಅದನ್ನು ಕಚ್ಚಿ ಹಿಡಿಯುವುದೇ ಆ ಪರಿಹಾರ. ನಟ್‌ನಲ್ಲಿ ಎರಡೆರಡು ತಂತಿಗಳಿಗೆ ಒಂದರಂತೆ ಮೂರು ಲೋಹದ ಹಿಡಿಗಳಿರುತ್ತವೆ. ಬ್ರಿಡ್ಜಿನ ಕಡೆ, ತಂತಿಯ ತುದಿಯ ಗುಂಡನ್ನು ಕತ್ತರಿಸಿ ತೆಗೆದು, ಬರಿಯ ತುದಿಯನ್ನು ಪುಟ್ಟ ಲೋಹದ ತುಂಡಿನಿಂದ ಒತ್ತಿ ಬಿಗಿಯಲಾಗುತ್ತದೆ. ನಟ್ ಬಿಗಿದ ಬಳಿಕ ಬಿರಡೆ ತಿರುಗಿಸಿ ಪ್ರಯೋಜನವಿಲ್ಲ. ಆದ್ದರಿಂದ ಬ್ರಿಡ್ಜಿನ ಮೇಲೆಯೇ ಆರು ಸಣ್ಣ ತಿರುಪುಗಳನ್ನು ಮುಂದೆ ಸೇರಿಸಲಾಯಿತು. ತಂಬೂರಿಯಲ್ಲಿ ಬಿರಡೆಯಿಂದ ಶ್ರುತಿ ಕೂಡಿಸಿದ ಮೇಲೆ ಮಣಿಯನ್ನು ಸರಿಸಿ ಸೂಕ್ಷ್ಮವಾಗಿ ತಿದ್ದುತ್ತೇವಲ್ಲ, ಈ ತಿರುಪುಗಳ ಕೆಲಸವೂ ಅದೇ.

ಇದೊಂದು ತಕ್ಕಡಿ

ಬ್ರಿಡ್ಜಿನ ಮುಂಭಾಗದ ಚೂರಿಯಲಗಿನಂಥ ಅಂಚುಗಳು ಎರಡು ಗೂಟಗಳಿಗೆ ಆತುಕೊಂಡಿರುತ್ತವೆ. ಶಾಲೆಯ ಪ್ರಯೋಗಾಲಯದ ತಕ್ಕಡಿಯ ದಂಡವೂ ಇಂಥದೇ ಅಲಗಿನ ಮೇಲೆ ನಿಲ್ಲುತ್ತದೆ. ಇಲ್ಲಿ ಒಂದು ಕಡೆ ಆರು ತಂತಿಗಳ ಎಳೆತ. ಇನ್ನೊಂದು ಕಡೆ ಗಿಟಾರಿನ ಬೆನ್ನಿನ ಗುಳಿಯಲ್ಲಿರುವ ಸ್ಪ್ರಿಂಗುಗಳ ಎಳೆತ. ಎರಡೂ ಸಮವಾದಾಗ ಬ್ರಿಡ್ಜ್ ಗಿಟಾರಿನ ಮೈಗೆ ಸಮಾಂತರವಾಗಿ ತೇಲುತ್ತದೆ. 648 ಮಿ.ಮೀ. ಅಳತೆಯ ಗಿಟಾರಿಗೆ ತೆಳುವಾದ ತಂತಿಗಳನ್ನು ಕಟ್ಟಿ ಸಾಮಾನ್ಯ ಶ್ರುತಿಗೆ ತಂದಾಗ ಆರೂ ತಂತಿಗಳ ಒಟ್ಟು ಎಳೆತ ಸುಮಾರು 38 ಕಿಲೋ ತೂಕಕ್ಕೆ ಸಮ. ಅಷ್ಟನ್ನು ಮೂರು ಸ್ಪ್ರಿಂಗುಗಳು ತಡೆಯುವುದು ಹೇಗೆ? ಸನ್ನೆಯ ನಿಯಮವೇ ಉತ್ತರ. ಸ್ಪ್ರಿಂಗುಗಳು ಹಿಡಿದಿರುವ ಲೋಹದ ಕಟ್ಟಿ ಅಲಗಿನಿಂದ ಸಾಕಷ್ಟು ಕೆಳಕ್ಕೆ ಇಳಿದಿರುತ್ತದೆ. ತಂತಿಗಳು ಅಲಗಿಗೆ ಹತ್ತಿರದಲ್ಲಿರುತ್ತವೆ. ದೂರ ಹೆಚ್ಚಿದಷ್ಟೂ ಬೇಕಾದ ಬಲ ಕಡಮೆ.

ತಕ್ಕಡಿಯ ಗುಣದೊಂದಿಗೆ ಅದರ ತೊಂದರೆಯೂ ಬರುತ್ತದೆ. ಒಂದು ತಂತಿಯನ್ನು ಬಿಗಿದರೆ ಬ್ರಿಡ್ಜ್ ತುಸು ಮುಂದಕ್ಕೆ ವಾಲಿ ಉಳಿದ ಐದೂ ಇಳಿಯುತ್ತವೆ. ಒಂದು ತಂತಿ ತುಂಡಾದರೆ ಸ್ಪ್ರಿಂಗುಗಳ ಕೈ ಮೇಲಾಗಿ ಉಳಿದವೆಲ್ಲ ಏರುತ್ತವೆ. ಸ್ಥಿರ ಬ್ರಿಡ್ಜಿನ ಗಿಟಾರಿನಲ್ಲಿ ತಂತಿ ತುಂಡಾದರೂ ಐದು ತಂತಿಗಳಲ್ಲಿ ವಾದನ ಮುಗಿಸಬಹುದು. ತೇಲುವ ಬ್ರಿಡ್ಜಿನಲ್ಲಿ ಆ ಕ್ಷಣವೇ ಶ್ರುತಿಯೆಲ್ಲ ಕೆಡುತ್ತದೆ. ಸ್ಪರ್ಧೆಯ ವೇದಿಕೆಯಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಮಕ್ಕಳು ಇನ್ನೊಂದು ಮಾತನ್ನು ಗಮನಿಸಬೇಕು. ಬೆರಳಿನಿಂದ ಒಂದು ತಂತಿಯನ್ನು ಎಳೆದು ಗಮಕ ತರುವಾಗ, ಪಕ್ಕದಲ್ಲಿ ನುಡಿಯುತ್ತಿರುವ ಷಡ್ಜದ ತಂತಿಯೂ ಕೆಳಕ್ಕೆ ಜಗ್ಗುತ್ತದೆ.

ಅಳವಡಿಸುವ ಕ್ರಮ

ಮೊದಲು ಅಳತೆ. ಲೋಹದ ಕಟ್ಟಿಗಳು 32, 37, 42 ಮಿ.ಮೀ. ಹೀಗೆ ಬೇರೆ ಬೇರೆ ಉದ್ದದಲ್ಲಿರುತ್ತವೆ; ಕಟ್ಟಿ ಗಿಟಾರಿನ ಬೆನ್ನಿನಿಂದ ಹೊರಚಾಚಬಾರದು. ಲಾಕಿಂಗ್ ನಟ್ಟಿನಲ್ಲಿಯೂ ಸುಮಾರು 41ರಿಂದ 43 ಮಿ.ಮೀ.ವರೆಗೆ ಹಲವು ಅಗಲಗಳಿವೆ. ಕತ್ತಿನ ಅಗಲಕ್ಕೆ ಹೊಂದುವುದನ್ನೇ ಆರಿಸಬೇಕು. ಹಳೆಯ ಟ್ರೆಮೊಲೊ ಈಗಾಗಲೇ ಇದ್ದರೆ, ಹೆಚ್ಚು ಕೊರೆಯದೆ ಅದೇ ಜಾಗದಲ್ಲಿ ಕೂರುವ ಮಾದರಿಗಳೂ ದೊರೆಯುತ್ತವೆ. ಮೊದಲು ಅದನ್ನೇ ವಿಚಾರಿಸುವುದು ಲೇಸು.

ನಟ್ಟಿನಿಂದ 12ನೇ ಫ್ರೆಟ್‌ವರೆಗಿನ ದೂರವನ್ನು ಅಳೆದು ಇಮ್ಮಡಿ ಮಾಡಿದರೆ ತಂತಿಯ ಅಳತೆ ಸಿಗುತ್ತದೆ: 324 ಮಿ.ಮೀ. ಇದ್ದರೆ 648. ಗೂಟಗಳ ಜಾಗವನ್ನು ಇದರ ಆಧಾರದಲ್ಲಿಯೇ, ತಯಾರಕರು ಕೊಟ್ಟ ನಕ್ಷೆಯಂತೆ ಗುರುತಿಸಬೇಕು. ಇಲ್ಲಿ ಕೆಲವೇ ಮಿ.ಮೀ. ತಪ್ಪಿದರೂ ಮೇಲಿನ ಫ್ರೆಟ್‌ಗಳ ಸ್ವರಗಳು ಎಂದಿಗೂ ಸರಿಹೋಗಲಾರವು. ಹಳೆಯ ತೂತುಗಳಿದ್ದರೆ ಗಟ್ಟಿ ಮರದ ಬೆಣೆಯನ್ನು ಅಂಟಿನೊಂದಿಗೆ ತುಂಬಿ, ಪೂರ್ತಿ ಒಣಗಿದ ಮೇಲೆಯೇ ಹೊಸದನ್ನು ಕೊರೆಯಬೇಕು. ಗುಳಿ ತೋಡುವುದು ರೌಟರ್ ಯಂತ್ರದ ಕೆಲಸ. ಅಚ್ಚುಪಟ್ಟಿಯನ್ನು ಭದ್ರಪಡಿಸಿಕೊಂಡು ಸ್ವಲ್ಪಸ್ವಲ್ಪವೇ ಆಳಕ್ಕಿಳಿಯಬೇಕು. ಗೂಟದ ತೂತು ಮತ್ತು ಗುಳಿಯ ನಡುವೆ ಸಾಕಷ್ಟು ಮರ ಉಳಿಯದಿದ್ದರೆ ತಂತಿಗಳ ಎಳೆತಕ್ಕೆ ಅಲ್ಲಿ ಬಿರುಕು ಬಿಡುತ್ತದೆ. ಮಕ್ಕಳ ಕೈಗೆ ಈ ಯಂತ್ರವನ್ನು ಕೊಡಬಾರದು. ಅನುಭವವಿರುವ ಬಡಗಿಯಿಂದಲೋ ಗಿಟಾರ್ ದುರಸ್ತಿ ಮಾಡುವವರಿಂದಲೋ ಮಾಡಿಸಬೇಕು.

ಬೆನ್ನಿನ ಗುಳಿಯಲ್ಲಿ ಸ್ಪ್ರಿಂಗುಗಳನ್ನು ಹಿಡಿಯುವ ಲೋಹದ ಪಟ್ಟಿಯನ್ನು ಎರಡು ಉದ್ದ ಸ್ಕ್ರೂಗಳಿಂದ ಕೂರಿಸಲಾಗುತ್ತದೆ. ಅರ್ಥಿಂಗ್ ತಂತಿಯನ್ನು ಈ ಪಟ್ಟಿಗೆ ಬೆಸೆಯಲು ಮರೆತರೆ ಧ್ವನಿವರ್ಧಕದಲ್ಲಿ ಗುಂಯ್‌ಗುಡುವಿಕೆ ಕಾಡುತ್ತದೆ. ಲಾಕಿಂಗ್ ನಟ್ಟಿಗಾಗಿ ಕತ್ತಿನ ತುದಿಯನ್ನು ಕೆತ್ತುವಾಗ ಅಗತ್ಯಕ್ಕಿಂತ ತುಸು ಕಡಮೆ ಕೆತ್ತಿ, ಕೂರಿಸಿ ನೋಡಿ, ಮತ್ತೆ ಕೆತ್ತಬೇಕು. ನಟ್ ಹೆಚ್ಚು ತಗ್ಗಿದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರಿಸುತ್ತದೆ. ಆಗ ಅದರಡಿ ತೆಳು ಲೋಹದ ಹಾಳೆ ಇಡಬೇಕಾಗುತ್ತದೆ.

ಬಳಿಕ ತಂತಿ ಕಟ್ಟಿ, ನಟ್ ಬಿಗಿಯದೆಯೇ ಬಿರಡೆಗಳಿಂದ ಶ್ರುತಿ ಮಾಡಬೇಕು. ಬ್ರಿಡ್ಜಿನ ಹಿಂಭಾಗ ಮೇಲೆದ್ದಿದ್ದರೆ ಬೆನ್ನಿನ ಎರಡು ಸ್ಕ್ರೂಗಳನ್ನು ಬಿಗಿಯಬೇಕು. ಕೆಳಗೆ ಕುಸಿದಿದ್ದರೆ ಸಡಿಲಿಸಬೇಕು. ಮತ್ತೆ ಶ್ರುತಿ, ಮತ್ತೆ ಪರೀಕ್ಷೆ. ನಾಲ್ಕೈದು ಸುತ್ತು ಬೇಕಾಗುವುದು ಸಹಜ. ಹೊಸ ತಂತಿಗಳನ್ನು ಕೈಯಿಂದ ಮೆಲ್ಲಗೆ ಎಳೆದು ಹದಗೊಳಿಸಬೇಕು. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲೇ ಬೆರಳು ತಾಗಿಸಿ ನುಡಿಸಿದ ಸ್ವರವೂ ಒಂದೇ ಆಗುವವರೆಗೆ ಪ್ರತಿ ತಂತಿಯ ಆಸರೆಯನ್ನು ಹಿಂದೆಮುಂದೆ ಸರಿಸಬೇಕು. ಸೂಕ್ಷ್ಮ ತಿರುಪುಗಳನ್ನು ನಡುಮಟ್ಟಕ್ಕೆ ತಂದು, ಶ್ರುತಿ ಸ್ಥಿರವಾದ ಮೇಲೆ ನಟ್ ಬಿಗಿಯಬೇಕು. ಅಲೆನ್ ಕೀಯಿಂದ ಹಿತವಾಗಿ ಬಿಗಿದರೆ ಸಾಕು. ಅತಿಯಾಗಿ ತಿರುಗಿಸಿದರೆ ತಿರುಪಿನ ಎಳೆಗಳು ಹಾಳಾಗುತ್ತವೆ.

ನಮ್ಮಿಂದಾದ ಒಂದು ತಪ್ಪು

ಮೊದಲ ಬಾರಿ ತಂತಿ ಬದಲಿಸುವಾಗ ನಾವು ಆರನ್ನೂ ಒಟ್ಟಿಗೆ ಬಿಚ್ಚಿದೆವು. ಎದುರಾಳಿಯಿಲ್ಲದ ಸ್ಪ್ರಿಂಗುಗಳು ಬ್ರಿಡ್ಜನ್ನು ಹಿಂದಕ್ಕೆ ಸೆಳೆದವು; ಅದರ ಹಿಂತುದಿ ಗಿಟಾರಿನ ಬಣ್ಣವನ್ನು ಉದ್ದಕ್ಕೂ ಕೆರೆಯಿತು. ಆ ಗೀರು ಇಂದಿಗೂ ಇದೆ. ತಂತಿಗಳನ್ನು ಒಂದೊಂದಾಗಿ ಬದಲಿಸಬೇಕು, ಇಲ್ಲವೇ ಬ್ರಿಡ್ಜಿನ ಅಡಿಯಲ್ಲಿ ಮಡಿಸಿದ ಬಟ್ಟೆಯನ್ನು ಇಟ್ಟುಕೊಳ್ಳಬೇಕು. ತಂತಿಗಳು ಬಿಗಿದಿರುವಾಗ ಗೂಟಗಳ ಎತ್ತರವನ್ನು ತಿರುಗಿಸಬಾರದು. ಅಲಗು ಮೊಂಡಾದರೆ ಬ್ರಿಡ್ಜ್ ಮೊದಲಿನ ಜಾಗಕ್ಕೆ ಮರಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿದ ಕತ್ತಿನ ಬಾಗು ಬದಲಾಗಿ ಈ ಸಮತೋಲ ಮತ್ತೆ ತಪ್ಪಬಹುದು. ಆಷಾಢದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಪರೀಕ್ಷಿಸುವ ರೂಢಿ ಒಳ್ಳೆಯದು.

ಹಾಕಿಸಬೇಕೇ, ಬೇಡವೇ?

ಕಲಿಯುತ್ತಿರುವ ಮಗುವಿನ ಬಳಿ ಇರುವುದು ಒಂದೇ ಗಿಟಾರ್ ಆಗಿದ್ದರೆ ಅದನ್ನು ಕೊರೆಯದಿರುವುದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಈ ಸಾಧನವನ್ನು ನಿಜವಾಗಿಯೂ ಬಳಸುವ ಸಂಗೀತದತ್ತ ಒಲವು ಗಟ್ಟಿಯಾದ ಮೇಲೆ, ಕಾರ್ಖಾನೆಯಲ್ಲಿಯೇ ಇದನ್ನು ಅಳವಡಿಸಿದ ಇನ್ನೊಂದು ಗಿಟಾರನ್ನು ಕೊಳ್ಳುವುದು ಹಲವು ಬಾರಿ ಬಿಡಿಭಾಗ ಮತ್ತು ಮಜೂರಿಯ ಮೊತ್ತಕ್ಕಿಂತ ಬಹಳ ಹೆಚ್ಚಾಗುವುದಿಲ್ಲ. ಈಗಾಗಲೇ ಇಂಥ ಗಿಟಾರ್ ಮನೆಯಲ್ಲಿದ್ದು ಶ್ರುತಿ ನಿಲ್ಲದೆ ಮಗು ಬೇಸತ್ತಿದ್ದರೆ, ಬೆನ್ನಿನ ಗುಳಿಯಲ್ಲಿ ಕಟ್ಟಿಯ ಎರಡೂ ಬದಿಗೆ ಅಳತೆಗೆ ಸರಿಯಾದ ಮರದ ತುಂಡುಗಳನ್ನು ಸಿಕ್ಕಿಸಿ ಬ್ರಿಡ್ಜನ್ನು ಸ್ಥಿರಗೊಳಿಸಬಹುದು. ಸ್ಪರ್ಧೆ ಮುಗಿದ ಮೇಲೆ ಆ ತುಂಡುಗಳನ್ನು ತೆಗೆದರೆ ಗಿಟಾರ್ ಮೊದಲಿನಂತಾಗುತ್ತದೆ.