ಒಂದು ನಾಣ್ಯಕ್ಕೆ ಎಷ್ಟು ಮಾರ್ಕು?

ನಮ್ಮ ಅಜ್ಜಿಯ ಪೂಜೆಯ ಡಬ್ಬಿಯಲ್ಲಿ ಐದನೇ ಜಾರ್ಜ್ ದೊರೆಯ ತಲೆಯಿರುವ 1918ರ ಒಂದು ಬೆಳ್ಳಿ ರೂಪಾಯಿ ಇತ್ತು. ಅಜ್ಜಿಯ ನಂತರ ಅದು ಅಮ್ಮನ ಕೈಗೆ, ಅಮ್ಮನಿಂದ ನನ್ನ ಕೈಗೆ ಬಂತು. ಕಳೆದ ವರ್ಷ ಕಾಲೇಜಿನ ಫೀಸಿಗೆ ಸ್ವಲ್ಪ ದುಡ್ಡು ಕಡಿಮೆ ಬಿತ್ತು. ಇದಕ್ಕೆಷ್ಟು ಬರುತ್ತೋ ನೋಡೋಣ ಅಂತ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಫೋರ್ಟ್ ಕಡೆಗೆ ಹೊರಟೆ. ಒಂದೇ ಮಧ್ಯಾಹ್ನ ಮೂರು ಅಂಗಡಿ ಹತ್ತಿಳಿದೆ. ಮೊದಲನೆಯವರು ಇದು 'ಎಕ್ಸ್‌ಟ್ರೀಮ್ಲಿ ಫೈನ್' ದರ್ಜೆಯದು ಎಂದರು. ಎರಡನೆಯವರು 'ವೆರಿ ಫೈನ್' ಅಷ್ಟೆ, ಅದಕ್ಕಿಂತ ಮೇಲಿಲ್ಲ ಎಂದರು. ಮೂರನೆಯವರು ಭೂತಗನ್ನಡಿ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿ, ಇದನ್ನು ಉಜ್ಜಿ ತೊಳೆದಿದ್ದಾರೆ, ಬೆಳ್ಳಿಯ ತೂಕಕ್ಕೆ ಎಷ್ಟೋ ಅಷ್ಟೇ ಎಂದು ವಾಪಸು ತಳ್ಳಿದರು.

ಬರುವಾಗ ಲೋಕಲ್ ಗಾಡಿಯಲ್ಲಿ ನಿಂತು ಯೋಚಿಸಿದೆ. ಮೂವರಲ್ಲಿ ಸುಳ್ಳು ಹೇಳಿದವರು ಯಾರು? ಕೊಳ್ಳುವವನೇ ದರ್ಜೆ ಹೇಳುವುದಾದರೆ ಇಳಿಸಿ ಹೇಳುತ್ತಾನೆ, ಮಾರುವಾಗ ಏರಿಸಿ ಹೇಳುತ್ತಾನೆ. ಇದು ಎಲ್ಲ ಸಂತೆಯಲ್ಲೂ ಇದ್ದದ್ದೇ. ಹಾಗಾದರೆ ಕೊಳ್ಳದ, ಮಾರದ ಮಧ್ಯಸ್ಥನೊಬ್ಬ ಕೂತು ದರ್ಜೆ ಹೇಳಿದರೆ ಜಗಳ ತೀರಬೇಕಲ್ಲ? ಅಮೆರಿಕದ ನಾಣ್ಯ ವ್ಯಾಪಾರಿಗಳು ಇದೇ ಯೋಚನೆ ಮಾಡಿ ಅದಕ್ಕೆಂದೇ ಕಂಪನಿಗಳನ್ನು ಕಟ್ಟಿದರು. ಜಗಳ ತೀರಿತೇ? ಆ ಕತೆಯನ್ನು ಓದುತ್ತಾ ಹೋದ ಹಾಗೆ ನನಗೆ ನಮ್ಮ ಉತ್ತರಪತ್ರಿಕೆ, ನಮ್ಮ ಮರುಮೌಲ್ಯಮಾಪನವೇ ಕಣ್ಣ ಮುಂದೆ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಈ 70 ಎಲ್ಲಿಂದ ಬಂತು? ನೂರು ಯಾಕಲ್ಲ? ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ದೊಡ್ಡ ಸೆಂಟ್‌ಗಳ ಬಗ್ಗೆ, ಅಂದರೆ 1793ರಿಂದ 1814ರವರೆಗಿನವುಗಳ ಬಗ್ಗೆ, ಒಂದು ಪುಸ್ತಕ ಬರೆದ. ಅದರಲ್ಲಿ ಅವನು ಕಂಡದ್ದು ಬೆಲೆಯ ಲೆಕ್ಕ. ಗುರುತು ಹಿಡಿಯುವಷ್ಟು ಮಾತ್ರ ಉಳಿದ ನಾಣ್ಯಕ್ಕೆ 1 ಅಂಕ. ಟಂಕಸಾಲೆಯಿಂದ ಈಗ ತಾನೇ ಬಂದ ಹಾಗಿರುವ ನಾಣ್ಯಕ್ಕೆ ಅದರ ಎಪ್ಪತ್ತು ಪಟ್ಟು ಬೆಲೆ, ಆದ್ದರಿಂದ 70. ಅಂದರೆ ಅಂಕ ಹುಟ್ಟಿದ್ದೇ ಅಂಗಡಿಯ ಲೆಕ್ಕಕ್ಕೆ. ಮುಂದೆ ಬೆಲೆಗಳು ಆ ಲೆಕ್ಕವನ್ನು ಮೀರಿ ಓಡಿದವು, ಅಂಕ ಮಾತ್ರ ಉಳಿಯಿತು. 1977ರಲ್ಲಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ತನ್ನ ದರ್ಜೆಯ ನಿಯಮಗಳ ಪುಸ್ತಕದಲ್ಲಿ ಇದೇ ಅಂಕಗಳನ್ನು ತಾಮ್ರಕ್ಕಷ್ಟೇ ಅಲ್ಲ, ದೇಶದ ಎಲ್ಲ ನಾಣ್ಯಗಳಿಗೂ ಹಾಕಿತು.

ಈ ಎಪ್ಪತ್ತರಲ್ಲಿ 60ರ ಕೆಳಗಿರುವುದು ಚಲಾವಣೆಯಲ್ಲಿ ಸವೆದ ನಾಣ್ಯ. 60ರಿಂದ ಮೇಲೆ ಚಲಾವಣೆಯನ್ನೇ ಕಾಣದ ನಾಣ್ಯ. ಸವೆತವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ನಮ್ಮ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಆನೆ ಸ್ಪಷ್ಟವಾಗಿದೆಯೋ ಮಾಸಿದೆಯೋ ಕಣ್ಣಿಗೆ ಕಾಣುತ್ತದೆ. ತೊಡಕೆಲ್ಲ ಇರುವುದು 60ರ ಮೇಲಿನ ಹನ್ನೊಂದು ಮೆಟ್ಟಿಲುಗಳಲ್ಲಿ. ಅಲ್ಲಿ ಸವೆತವಿಲ್ಲ, ಅಳೆಯುವುದೇನನ್ನು? ನಾಲ್ಕು ಸಂಗತಿ ನೋಡುತ್ತಾರೆ. ಒಂದು, ಗಾಯ: ಅಮೆರಿಕದ ಹಳೆಯ ಬೆಳ್ಳಿ ಡಾಲರುಗಳು ಸಾವಿರಕ್ಕೊಂದು ಚೀಲದಂತೆ ತುಂಬಿ ಸಾಗುತ್ತಿದ್ದವು, ಒಂದಕ್ಕೊಂದು ಬಡಿದು ಗುರುತಾಗುತ್ತಿತ್ತು. ಎರಡು, ಹೊಳಪು. ಮೂರು, ಅಚ್ಚು ಎಷ್ಟು ಗಟ್ಟಿಯಾಗಿ ಬಿದ್ದಿದೆ ಎಂಬುದು. ನಾಲ್ಕು, ನೋಟಕ್ಕೆ ಎಷ್ಟು ಚೆಂದ ಎಂಬುದು. ಗಾಯವನ್ನು ಎಣಿಸಬಹುದು. ಆದರೆ ದೊರೆಯ ಕೆನ್ನೆಯ ಮೇಲಿನ ಒಂದು ಗಾಯ ಕೂದಲಿನಲ್ಲಿ ಮುಚ್ಚಿಹೋದ ಎಷ್ಟು ಗಾಯಕ್ಕೆ ಸಮ? ಚೆಂದಕ್ಕೆ ಎಷ್ಟು ಅಂಕ? ಇಲ್ಲಿ ಅಳತೆಗೋಲು ಮುಗಿದು ಅಭಿಪ್ರಾಯ ಶುರುವಾಗುತ್ತದೆ.

1986ರಲ್ಲಿ ಪಿ.ಸಿ.ಜಿ.ಎಸ್. ಎಂಬ ಕಂಪನಿ, 1987ರಲ್ಲಿ ಎನ್.ಜಿ.ಸಿ. ಎಂಬುದು ಈ ಕೆಲಸ ಶುರುಮಾಡಿದವು. ನಾಣ್ಯ ಕಳಿಸಿ ಶುಲ್ಕ ಕಟ್ಟಬೇಕು. ಇಬ್ಬರು ಮೂವರು ಪರೀಕ್ಷಕರು ಒಬ್ಬರನ್ನೊಬ್ಬರು ಕೇಳದೆ ದೀಪದ ಕೆಳಗೆ ನೋಡಿ ಅಂಕ ಹಾಕುತ್ತಾರೆ, ಹಿರಿಯರೊಬ್ಬರು ಅಖೈರು ಮಾಡುತ್ತಾರೆ. ನಂತರ ಅಂಕದ ಚೀಟಿಯೊಡನೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡುತ್ತಾರೆ. ಇದಕ್ಕೆ 'ಸ್ಲ್ಯಾಬ್' ಅಂತ ಹೆಸರು. ಸಾಮಾನ್ಯ ನಾಣ್ಯಕ್ಕೆ ಒಬ್ಬ ಪರೀಕ್ಷಕನಿಂದ ಸಿಗುವುದು ಕೆಲವೇ ಸೆಕೆಂಡು. ಮುನ್ನೂರನೆಯ ಪೇಪರು ತಿದ್ದುವ ಮೇಷ್ಟ್ರನ್ನು ನೆನೆಸಿಕೊಳ್ಳಿ: ಹಿಂದಿನ ಪೇಪರು ತೀರ ಕೆಟ್ಟದಾಗಿದ್ದರೆ ನಿಮ್ಮದು ಬಂಗಾರವಾಗಿ ಕಾಣುತ್ತದೆ. ನಾಣ್ಯಕ್ಕೂ ಇದೇ ಹಣೆಬರಹ.

ಒಂದು ಅಂಕದ ವ್ಯತ್ಯಾಸ ತಾನೇ, ಹೋಗಲಿ ಬಿಡಿ ಅನ್ನುವ ಹಾಗಿಲ್ಲ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1886ರ ಬೆಳ್ಳಿ ಡಾಲರು 64ರಿಂದ 65ಕ್ಕೆ ಹಾರಿದರೆ ಬೆಲೆ ಹಲವು ಪಟ್ಟಾಗುತ್ತದೆ. ಆದ್ದರಿಂದ ಜನ ಏನು ಮಾಡುತ್ತಾರೆ? 64 ಬಂದರೆ ಪೆಟ್ಟಿಗೆಯನ್ನು ಒಡೆದು, ಹೊಸ ನಾಣ್ಯವೆಂಬಂತೆ ಮತ್ತೆ ಕಳಿಸುತ್ತಾರೆ.

ಇಲ್ಲಿರುವ ಸೂಕ್ಷ್ಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸರಿಯಾಗಿ 64 ಮತ್ತು 65ರ ಗಡಿಯಲ್ಲಿರುವ ಎಂಟು ನಾಣ್ಯಗಳಿವೆ ಎಂದು ಲೆಕ್ಕಕ್ಕೆ ಹಿಡಿಯೋಣ. ಪರೀಕ್ಷಕರು ಪೂರ್ತಿ ಪ್ರಾಮಾಣಿಕರು. ಅರ್ಧ ಸಲ ಹೀಗೆ, ಅರ್ಧ ಸಲ ಹಾಗೆ ಕಾಣುತ್ತದೆ. ಮೊದಲ ಸುತ್ತಿನಲ್ಲಿ ನಾಲ್ಕಕ್ಕೆ 65, ನಾಲ್ಕಕ್ಕೆ 64. 65 ಬಂದವರು ಸುಮ್ಮನಾದರು, 64 ಬಂದವರು ಒಡೆದು ಮತ್ತೆ ಕಳಿಸಿದರು. ಎರಡನೆಯ ಸುತ್ತಿನಲ್ಲಿ ಎರಡಕ್ಕೆ 65, ಮೂರನೆಯದರಲ್ಲಿ ಒಂದಕ್ಕೆ. ಈಗ ಎಂಟರಲ್ಲಿ ಏಳು 65 ಆಗಿ ಕೂತಿವೆ! ಯಾರೂ ಮೋಸ ಮಾಡಲಿಲ್ಲ. ಪರೀಕ್ಷಕರ ತಪ್ಪು ಎರಡೂ ಕಡೆಗೆ ಸಮನಾಗಿತ್ತು, ಆದರೆ ಮೇಲಿನ ತಪ್ಪು ಮಾತ್ರ ಉಳಿಯಿತು. ಇನ್ನೊಂದು ತಮಾಷೆ: ಒಡೆದವರು ಹಳೆಯ ಚೀಟಿ ವಾಪಸು ಕಳಿಸದಿದ್ದರೆ ಕಂಪನಿಯ ದಾಖಲೆಯಲ್ಲಿ 65ರವು ಏಳು, 64ರವು ಏಳು, ಒಟ್ಟು ಹದಿನಾಲ್ಕು ನಾಣ್ಯ. ಇರುವುದು ಎಂಟೇ. ಆ ದಾಖಲೆ ನೋಡಿ ಇದು ಎಷ್ಟು ಅಪರೂಪ ಅಂತ ಬೆಲೆ ಕಟ್ಟುವವರ ಗತಿ ಏನು, ನೀವೇ ಹೇಳಿ. ನಮ್ಮ ಮರುಮೌಲ್ಯಮಾಪನಕ್ಕೆ ಒಂದು ಕೊನೆಯಿದೆ. ಇದಕ್ಕಿಲ್ಲ.

ಇದು ಗುಟ್ಟೇನೂ ಅಲ್ಲ. 1990ರಲ್ಲಿ ಅಮೆರಿಕ ಸರಕಾರದ ಫೆಡರಲ್ ಟ್ರೇಡ್ ಕಮಿಷನ್, ಪಿ.ಸಿ.ಜಿ.ಎಸ್.ನ ಜಾಹೀರಾತು ಅತಿಯಾಯಿತೆಂದು ದಾವೆ ಹೂಡಿತು. ಕಂಪನಿ ತಪ್ಪು ಒಪ್ಪಿಕೊಳ್ಳದೆ, ಜಾಹೀರಾತಿನಲ್ಲಿ ಎಚ್ಚರಿಕೆಯ ಮಾತು ಸೇರಿಸುತ್ತೇನೆಂದು ರಾಜಿಯಾಯಿತು. ಅದೇ ವರ್ಷ ಅದು ಬೆಳ್ಳಿ ಡಾಲರುಗಳಿಗೆ ಅಂಕ ಹಾಕುವ ಕಂಪ್ಯೂಟರೊಂದನ್ನು ತಂದು ನೋಡಿತು. ಅದು ಹೆಚ್ಚು ಕಾಲ ನಡೆಯಲಿಲ್ಲ. 2003ರಲ್ಲಿ 'ಕಾಯಿನ್ ವರ್ಲ್ಡ್' ವಾರಪತ್ರಿಕೆ, ಅವೇ ನಾಣ್ಯಗಳನ್ನು ಬೇರೆ ಬೇರೆ ಕಂಪನಿಗಳಿಗೆ ಒಂದು ವರ್ಷದುದ್ದಕ್ಕೂ ಕಳಿಸಿ ನೋಡಿದ ಫಲಿತಾಂಶ ಪ್ರಕಟಿಸಿತು. ಕಂಪನಿಗಳು ಒಂದಕ್ಕೊಂದು ಒಪ್ಪಲಿಲ್ಲ; ಕೆಲವು ಕಡೆ ಏಳು ಅಂಕದವರೆಗೆ ಅಂತರ. 2007ರಲ್ಲಿ ಸಿ.ಎ.ಸಿ. ಎಂಬ ಇನ್ನೊಂದು ಕಂಪನಿ ಬಂತು. ಅದು ಮಾಡುವುದೇನು? ಸ್ಲ್ಯಾಬಿನಲ್ಲಿರುವ ನಾಣ್ಯ ನೋಡಿ, ಅಂಕ ಸರಿಯಿದ್ದರೆ ಹಸಿರು ಚೀಟಿ ಅಂಟಿಸುವುದು; ಅಂಕ ಕಡಿಮೆಯಾಯಿತು ಅನ್ನಿಸಿದರೆ ಬಂಗಾರದ ಬಣ್ಣದ ಚೀಟಿ. ಅಭಿಪ್ರಾಯದ ಮೇಲೊಂದು ಅಭಿಪ್ರಾಯ, ಅದಕ್ಕೂ ಶುಲ್ಕ.

ಹಾಗಂತ ಈ ಕಂಪನಿಗಳೆಲ್ಲ ದಂಡ ಎಂದು ನಾನು ಹೇಳುತ್ತಿಲ್ಲ. ಖೋಟಾ ನಾಣ್ಯ ಹಿಡಿಯುತ್ತಾರೆ, ತೊಳೆದದ್ದನ್ನು ಗುರುತಿಸುತ್ತಾರೆ. 40ರ ನಾಣ್ಯವನ್ನು 65 ಅನ್ನುವಷ್ಟು ಕುರುಡರಲ್ಲ. ದೂರದಲ್ಲಿ ಕೂತು ಕೊಳ್ಳುವವನಿಗೆ ಅಷ್ಟೇ ದೊಡ್ಡ ಆಸರೆ. ತಪ್ಪಿರುವುದು ನಮ್ಮ ಕಡೆಯೂ ಹೌದು. ತಿಳಿದವನೊಬ್ಬನ ಅಭಿಪ್ರಾಯವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಅಂಕ ಅಂಟಿಸಿದ ಕೂಡಲೇ ಅದು ತಕ್ಕಡಿಯ ತೂಕದ ಹಾಗೆ ನಿಜ ಎಂದು ನಂಬುತ್ತೇವೆ. ನನ್ನ ರೂಪಾಯಿಯ ತೂಕ 11.66 ಗ್ರಾಂ, ಅದನ್ನು ಯಾವ ಅಂಗಡಿಯಲ್ಲಿ ತೂಗಿದರೂ ಅಷ್ಟೇ. ದರ್ಜೆ ಹಾಗಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಪ್ರತಿ ದೀಪಾವಳಿಗೂ ಲಕ್ಷ್ಮೀಪೂಜೆಯ ಮುಂಚೆ ಅಜ್ಜಿ ಆ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ ಫಳಫಳ ಮಾಡುತ್ತಿದ್ದರಂತೆ. ದೀಪದ ಕೆಳಗೆ ವಾಲಿಸಿ ನೋಡಿದೆ: ಕೂದಲೆಳೆಯಂಥ ಗೀರುಗಳು, ಒಂದೇ ದಿಕ್ಕಿಗೆ. ಆನೆ ಮಾತ್ರ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಆಗ ಗೊತ್ತಾಯಿತು, ಮೂವರೂ ಸುಳ್ಳು ಹೇಳಿರಲಿಲ್ಲ. ಮೊದಲನೆಯವರು ಆನೆ ನೋಡಿದ್ದರು, ಎರಡನೆಯವರು ಮಾಸಿದ ಹೊಳಪು ನೋಡಿದ್ದರು, ಮೂರನೆಯವರು ಅಜ್ಜಿಯ ಕೈಕೆಲಸ ನೋಡಿದ್ದರು.

ಫೀಸನ್ನು ಅಣ್ಣನ ಹತ್ತಿರ ಸಾಲ ತಂದು ಕಟ್ಟಿದೆ. ರೂಪಾಯಿ ಡಬ್ಬಿಯಲ್ಲೇ ಇದೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಎರಡು ಮಾತು: ಮಾರುವ ಯೋಚನೆಯಿದ್ದರೆ ಅದನ್ನು ಉಜ್ಜಬೇಡಿ, ಒಂದೇ ಅಂಗಡಿಯ ಮಾತು ಕೇಳಿ ಕೊಟ್ಟು ಬರಬೇಡಿ. ಮೊದಲು ನೀವೇ ದೀಪದ ಕೆಳಗೆ ಹಿಡಿದು, ಚೀಟಿಯನ್ನಲ್ಲ, ನಾಣ್ಯವನ್ನು ನೋಡಿ.