ಹೋಟೆಲು ನೋಡಲು ಹೊರನಾಡಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶವನ್ನೂ ಸುತ್ತಿ ಕೋಶವನ್ನೂ ತಾವೇ ಬರೆಯುವ ಪ್ರವಾಸಿಗಳಲ್ಲಿ ಒಂದು ಹೊಸ ಪಂಗಡವಿದೆ. ಇವರು ದೇಗುಲ, ಅರಮನೆಗಳನ್ನು ಬಿಟ್ಟು, ಅಪೂರ್ವವಾದ ಹೋಟೆಲುಗಳನ್ನೇ ಅರಸಿಕೊಂಡು ಖಂಡಾಂತರಗಳನ್ನು ಅಲೆದು ಗ್ರಂಥ ರಚಿಸುತ್ತಾರೆ.

ಅವರಿಗೆ ವಸ್ತುವಿಗೇನೂ ಬರವಿಲ್ಲ. ಸ್ವೀಡನ್ನಿನ ಉತ್ತರದ ತುದಿಯ ಯುಕ್ಕಾಸ್‌ಯಾರ್ವಿ ಎಂಬ ಹಳ್ಳಿಯಲ್ಲಿ ಟೋರ್ನೆ ನದಿಯ ಮಂಜುಗಡ್ಡೆಯಿಂದ ಪ್ರತಿ ಚಳಿಗಾಲದಲ್ಲಿಯೂ ಒಂದು ಹೋಟೆಲನ್ನು ಕಟ್ಟುತ್ತಾರೆ. ಬಿಸಿಲೇರಿದಂತೆ ಅದು ಕರಗಿ ಮತ್ತೆ ನದಿಯ ಪಾಲಾಗುತ್ತದೆ. ಜಪಾನಿನ ನಿಶಿಯಾಮ ಬಿಸಿನೀರಿನ ಬುಗ್ಗೆಯ ಬಳಿ ಕ್ರಿ. ಶ. 705ರಲ್ಲಿ ಆರಂಭವಾಯಿತೆನ್ನುವ ವಸತಿಗೃಹವೊಂದು ಇಂದಿಗೂ ಅತಿಥಿಗಳನ್ನು ಸತ್ಕರಿಸುತ್ತಿದೆ. ಅದೇ ದೇಶದ ಒಸಾಕಾ ನಗರದಲ್ಲಿ 1979ರಲ್ಲಿ, ಒಬ್ಬ ಮನುಷ್ಯ ಮಲಗುವಷ್ಟೇ ಅಗಲದ ಗೂಡುಗಳನ್ನು ಒಂದರ ಮೇಲೊಂದು ಜೋಡಿಸಿದ ಹೋಟೆಲು ತೆರೆಯಿತು.

ಇವು ಕೇವಲ ಬೆರಗು ಹುಟ್ಟಿಸುವ ವಿಚಿತ್ರಗಳೆಂದು ತಿಳಿಯಬಾರದು. ಒಂದು ಊರಿನಲ್ಲಿ ಚಳಿ ಹೆಚ್ಚು, ಇನ್ನೊಂದರಲ್ಲಿ ಬಿಸಿನೀರು ಹೆಚ್ಚು, ಮತ್ತೊಂದರಲ್ಲಿ ಜಾಗ ಕಡಿಮೆ. ಆಯಾ ನೆಲದ ಹೆಚ್ಚು-ಕಡಿಮೆಗಳೇ ಅಲ್ಲಲ್ಲಿ ಹೋಟೆಲುಗಳ ರೂಪ ತಾಳಿವೆ. ಈ ಕಾರಣವನ್ನು ಕಾಣದ ಗ್ರಂಥ ಚಿತ್ರಗಳ ಕಂತೆಯಾದೀತೇ ಹೊರತು ಕೋಶವಾಗಲಾರದು.

ಹೋಟೆಲೆಂದರೆ ಅವರಿಗೆ ತಂಗುವ ಮನೆ. ನಮಗೆ ಮೊದಲು ನೆನಪಾಗುವುದು ಇಡ್ಲಿ, ಕಾಫಿ. ಈ ನಮ್ಮ ಅರ್ಥದ ಹೋಟೆಲನ್ನು ನೋಡಿ ಕಲಿಯಲೆಂದೇ ಸಮುದ್ರ ದಾಟಿದ ಕನ್ನಡಿಗರೊಬ್ಬರಿದ್ದರು. ಉಡುಪಿಯ ಸಮೀಪದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ 'ಬ್ರಾಹ್ಮಣರ ಕಾಫಿ ಕ್ಲಬ್' ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವ ಬಂದಾಗ, ಈ ಹೋಟೆಲಿನವರು ರವೆಯಿಂದ ಇಡ್ಲಿ ಮಾಡಿ ನೋಡಿದರೆಂಬುದು ಪ್ರಸಿದ್ಧವಾದ ಸಂಗತಿ. ಕೊರತೆಯೇ ಇಲ್ಲಿಯೂ ಹೊಸ ರುಚಿಗೆ ತಾಯಿಯಾಯಿತು.

ಆ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು, ಅಲ್ಲಿನ ಉಪಾಹಾರಗೃಹಗಳು ನಡೆಯುವ ಬಗೆಯನ್ನು ಕಾಣಲು, 1951ರಲ್ಲಿ ಯೂರೋಪಿಗೆ ಹೋದರು. ಅವರು ಕಂಡ ಲಂಡನ್ ಸಮೃದ್ಧಿಯ ಲಂಡನ್ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು. ಯುದ್ಧ ಮುಗಿದು ಆರು ವರ್ಷ ಕಳೆದಿದ್ದರೂ ಆಂಗ್ಲರಿಗೆ ಚಹಾ, ಸಕ್ಕರೆಗಳು ಪಡಿತರದಲ್ಲಿಯೇ ದೊರೆಯುತ್ತಿದ್ದವು. ಚಹಾಕ್ಕೆ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ಪಡಿತರ ಪದ್ಧತಿ ಪೂರ್ತಿ ನಿಂತದ್ದು 1954ರಲ್ಲಿ. ಅಂತಹ ನಗರದಲ್ಲಿಯೂ ಮಯ್ಯರನ್ನು ಆಕರ್ಷಿಸಿದ್ದು ಉಪಾಹಾರಗೃಹಗಳ ಶುಚಿತ್ವ ಮತ್ತು ಶಿಸ್ತು. ಸಾಮಗ್ರಿಗೆ ಪಡಿತರವಿದ್ದೀತು, ಶುಚಿಗೆ ಪಡಿತರವುಂಟೆ?

ಮರಳಿ ಬಂದವರು ಯೂರೋಪಿನ ತಿಂಡಿಯನ್ನು ಇಲ್ಲಿ ಬಡಿಸಲು ಹೋಗಲಿಲ್ಲ. ತಟ್ಟೆ, ಬಟ್ಟಲುಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಏರ್ಪಾಡು ಮಾಡಿದರು. ಆಹಾರದ ಶುಚಿತ್ವವನ್ನು ಕುರಿತು ಕಿರುಹೊತ್ತಗೆಗಳನ್ನು ಅಚ್ಚುಮಾಡಿಸಿ ಗಿರಾಕಿಗಳಿಗೆ ಹಂಚಿದರು. ಪ್ರವಾಸದಿಂದ ಹುಟ್ಟಿದ ಗ್ರಂಥವೆಂದರೆ ಅದೇ! 1960ರಲ್ಲಿ ಹೋಟೆಲು 'ಮಾವಳ್ಳಿ ಟಿಫಿನ್ ರೂಮ್ಸ್' ಎಂಬ ಹೆಸರನ್ನು ತಳೆಯಿತು. ಹಲಗೆಯ ಮೇಲಿದ್ದ ಜಾತಿಯ ಹೆಸರು ಅಳಿದು ಬಡಾವಣೆಯ ಹೆಸರು ಬಂದಿತು. ಇಂದು ಎಂ. ಟಿ. ಆರ್. ಎಂಬ ಮೂರಕ್ಷರವನ್ನು ಅರಿಯದ ಕನ್ನಡಿಗರು ವಿರಳ.

ಕಲಿತ ಪಾಠಕ್ಕೆ ಪರೀಕ್ಷೆಯೂ ಒದಗಿತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ತೀರ ಕೆಳಗೆ ಗೊತ್ತುಮಾಡಿದಾಗ, ಗುಣವನ್ನು ಇಳಿಸಲೊಪ್ಪದ ಆ ಹೋಟೆಲು ನಷ್ಟದಲ್ಲಿಯೇ ಮಾರಿ, ಕಡೆಗೆ ಬಾಗಿಲು ಮುಚ್ಚಿತು. ಅನಂತರ ಅವರು ಕೈಹಾಕಿದ ಸಿದ್ಧಹಿಟ್ಟು, ಸಾಂಬಾರುಪುಡಿಗಳ ಉದ್ಯಮ ಬೆಳೆಯಿತು. ಮುಚ್ಚಿದ ಹೋಟೆಲೂ ವರ್ಷಗಳ ಮೇಲೆ ಮತ್ತೆ ತೆರೆಯಿತು. 2013ರಲ್ಲಿ ಅದರ ಶಾಖೆ ಸಿಂಗಪುರವನ್ನೂ ಮುಟ್ಟಿತು. ಕಲಿಯಲು ಕಡಲು ದಾಟಿದವರ ಮನೆಯ ಇಡ್ಲಿ, ಈಗ ತಾನೇ ಕಡಲು ದಾಟಿದೆ.

ಬೆಂಗಳೂರಿನಿಂದ ಅರಸೀಕೆರೆಯತ್ತ ಹೋಗುವ ರೈಲು ನಮ್ಮ ಅಮ್ಮಸಂದ್ರವನ್ನು ಹಾದು ಹೋಗುತ್ತದೆ. ಕಿಟಕಿಯಿಂದ ಕಣ್ಣು ಹಾಯಿಸಿದರೆ ತೆಂಗಿನ ತೋಟಗಳ ಸಾಲು. ಇಲ್ಲಿನ ರೈತರು ಕಾಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಬಿಡಿಸಿಕೊಂಡ ಮೇಲೆ ಅದು ತಿಪಟೂರಿನ ಮಾರುಕಟ್ಟೆಗೆ ಹೊರಡುತ್ತದೆ. ಕಾಯುವ ಈ ತಾಳ್ಮೆಯೂ ಒಂದು ಪಾಕಶಾಸ್ತ್ರವೇ ಅಲ್ಲವೆ? ಕಾಯಿಚಟ್ನಿ ಇಲ್ಲದ ಇಡ್ಲಿಯನ್ನು ನಮ್ಮಲ್ಲಿ ಯಾರು ಮೆಚ್ಚುತ್ತಾರೆ? ಆದರೂ ತೆಂಗಿನ ನಾಡಿನ ಸಣ್ಣ ಹೋಟೆಲುಗಳನ್ನು, ಅವುಗಳ ಚಟ್ನಿಯ ಹದವನ್ನು ಬರೆದಿಡಬೇಕೆಂಬ ಯೋಚನೆ ನಮಗೆ ಬರುವುದು ಅಪರೂಪ.

ಮಂಜಿನ ಹೋಟೆಲನ್ನು ನೋಡಲು ಹೊರಡುವ ಉತ್ಸಾಹಿ ತರುಣರು ಅವಶ್ಯವಾಗಿ ಹೋಗಿಬರಲಿ. ಆದರೆ ಅದಕ್ಕೆ ಮುನ್ನ, ತಮ್ಮೂರಿನ ರೈಲ್ವೆ ನಿಲ್ದಾಣದ ಬಳಿಯ ಹೋಟೆಲಿನ ಅಡಿಗೆಮನೆಯನ್ನೊಮ್ಮೆ ಒಳಹೊಕ್ಕು ನೋಡಲಿ. ಬರೆಯಬೇಕಾದ ಗ್ರಂಥದ ಮೊದಲನೆಯ ಅಧ್ಯಾಯ ಅಲ್ಲಿಯೇ, ಒಲೆಯ ಪಕ್ಕದಲ್ಲಿ, ದೊರೆತೀತು.